ತಾಮ್ರದ ಮೇಲೊಂದು ಬಳ್ಳಿ

ಬೆಳಿಗ್ಗೆ ದೇವರ ದೀಪ ಹಚ್ಚುವ ಮುಂಚೆ ಬಾಗಿಲಿಗೆ ರಂಗೋಲಿ ಇಡುವುದನ್ನು ನಾನು ಜ್ವರ ಬಂದರೂ ತಪ್ಪಿಸುವುದಿಲ್ಲ. ಇಡುವುದು ಅಮ್ಮನ ಬಳ್ಳಿ ರಂಗೋಲಿಯನ್ನೇ. ಆದರೆ ಅಮ್ಮ ಹೋದಮೇಲೆ ಒಂದು ದಿನವೂ ಅದು ಅಮ್ಮನದರಂತೆ ಬಂದಿಲ್ಲ. ಚುಕ್ಕಿ ಸರಿ, ಎಳೆ ಸರಿ, ಏನೋ ತಪ್ಪು. ಆ ಏನೋ ಯಾವುದೆಂದು ಹುಡುಕುವಷ್ಟರಲ್ಲಿ ಚಿಕ್ಕಲಸಂದ್ರದ ಸಮಸ್ತ ಸ್ಕೂಟರುಗಳೂ ಅದರ ಮೇಲೆ ದಿಗ್ವಿಜಯ ಹೊರಟಿರುತ್ತವೆ.

ಅಳಿಸಿಹೋಗದ ರಂಗೋಲಿ ಒಂದಾದರೂ ಬೇಕೆಂದು ಫೋನು ನೋಡಿ ಎಚಿಂಗ್ ಕಲಿತೆ. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಚಿತ್ರ ಗೀರಿ, ವಿನೆಗರ್, ಉಪ್ಪು, ಔಷಧಿ ಅಂಗಡಿಯ ಪೆರಾಕ್ಸೈಡ್ ಬೆರೆಸಿದ ದ್ರಾವಣದಲ್ಲಿ ಮುಳುಗಿಸಿದರೆ ಅದು ಗೀರಿದಷ್ಟೇ ಜಾಗವನ್ನು ಕೊರೆಯುತ್ತದೆ. ಆಮೇಲೆ ಮೇಣ ತೆಗೆದು, ಗೆರೆಗಳಿಗೆ ಮಸಿ ತುಂಬಿ, ಒದ್ದೆ ಕಾಗದ ಒತ್ತುವುದು.

ಬ್ಯಾಂಕಿನಿಂದ ನಿವೃತ್ತರಾದ ಯಜಮಾನರು ಮೂಗು ಮುಚ್ಚಿಕೊಂಡು ಅಡುಗೆಮನೆಗೆ ಬಂದರು.

"ಉಪ್ಪಿನಕಾಯಾ?"

"ರಂಗೋಲಿ ರೀ. ಕಾಗದದ ಮೇಲೆ ಅಚ್ಚು ಒತ್ತೋಕೆ."

"ಅಚ್ಚು ಒತ್ತಿದ್ರೆ ಉಲ್ಟಾ ಬರುತ್ತೆ ಕಣೇ. ಬ್ಯಾಂಕಿನ ಸೀಲ್ ನೋಡಿಲ್ವಾ?"

"ಜೀವಮಾನವೆಲ್ಲಾ ಸೀಲ್ ಒತ್ತಿದೋರು ನೀವು. ಇದು ಕಲೆ."

(ಉಲ್ಟಾ ಗೀರಬೇಕಿತ್ತೆಂದು ಆ ಕ್ಷಣವೇ ಹೊಳೆಯಿತು. ಆದರೆ ತಗಡು ಆಗಲೇ ಅಭ್ಯಂಜನ ಮಾಡುತ್ತಿತ್ತು. ಅವರೆದುರು ಒಪ್ಪಿಕೊಳ್ಳುವುದು ಹೇಗೆ?)

ಗುರುರಾಯರನ್ನು ನೆನೆದು, ಲಟ್ಟಣಿಗೆಯಿಂದ ಒತ್ತಿ, ಕಾಗದ ಎತ್ತಿದೆ. ನಾನು ಬಲಕ್ಕೆ ಬಾಗಿಸಿದ್ದ ಬಳ್ಳಿಯ ಕುಡಿಗಳೆಲ್ಲ ಎಡಕ್ಕೆ ಬಾಗಿದ್ದವು.

ಅಮ್ಮ ಎಡಚಿ. "ಎಡಗೈಲಿ ರಂಗೋಲಿ ಇಟ್ರೆ ಲಕ್ಷ್ಮಿ ಬರ್ತಾಳೇನೇ?" ಎಂದು ಅಜ್ಜಿ ಗದರುತ್ತಿದ್ದರು. (ಲಕ್ಷ್ಮಿ ಆ ಕಾರಣಕ್ಕೇ ಬರಲಿಲ್ಲವೋ, ಅಪ್ಪನ ಸಂಬಳ ನೋಡಿ ಬರಲಿಲ್ಲವೋ, ಹೇಳುವುದು ಕಷ್ಟ.) ಅದಕ್ಕೇ ಅಮ್ಮ ಎಲ್ಲರೂ ಏಳುವ ಮುಂಚೆ ಕದ್ದು ಇಡುತ್ತಿದ್ದಳು, ಪಕ್ಕದಲ್ಲಿ ಕೂತು ನೋಡುತ್ತಿದ್ದವಳು ನಾನೊಬ್ಬಳೇ. ಅವಳ ಎಡಗೈ ಎಡಕ್ಕೆ ಬಾಗಿಸುತ್ತಿದ್ದ ಕುಡಿಗಳನ್ನೇ ನನ್ನ ಬಲಗೈ ಇಷ್ಟು ಕಾಲ ಬಲಕ್ಕೆ ಬಾಗಿಸುತ್ತಿತ್ತು. ಈಗ ಕಾಗದದ ಮೇಲೆ ಅಮ್ಮ ಈಗಷ್ಟೇ ಕೈಯಾಡಿಸಿ, ಸೆರಗಿಗೆ ಬೆರಳೊರೆಸಿಕೊಂಡು ಎದ್ದುಹೋದಂತಿತ್ತು.

ಯಜಮಾನರು ಹಿಂದಿನಿಂದ ಇಣುಕಿದರು.

"ನಾನು ಹೇಳ್ಲಿಲ್ವಾ?" ಎಂದವರು ನನ್ನ ಕಣ್ಣು ನೋಡಿ ದನಿ ಇಳಿಸಿದರು. "ಇಷ್ಟಕ್ಕೆಲ್ಲಾ ಅಳ್ತಾರಾ? ಫೋನಲ್ಲಿ ಫೋಟೋ ತೆಗೆದು, ಸರಿಯಾಗಿ ತಿರುಗಿಸಿ, ಪ್ರಿಂಟ್ ಹಾಕಿಸಿಕೊಡ್ತೀನಿ. ಫ್ರೇಮೂ ಹಾಕಿಸೋಣ."

"ನೀವು ಹೇಳಿದ್ದೇ ಸರಿ ರೀ. ಉಲ್ಟಾನೇ ಬಂತು."

ನಾನು ಸೋಲೊಪ್ಪಿದ್ದನ್ನು ಕೇಳಿ ಅವರು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದರು.

"ಜ್ವರ ಇಲ್ವಲ್ಲ. ತಿರುಗಿಸಿ ಕೊಡ್ತೀನಿ ಕೊಡೇ, ಎರಡು ನಿಮಿಷದ ಕೆಲಸ."

"ಬೇಡ ರೀ," ಎಂದೆ. "ತಿರುಗಿಸ್ಬೇಡಿ."