ನುಚ್ಚಕ್ಕಿಯ ಹೋಟೆಲಿನಲ್ಲಿ ನಮ್ಮ ಮಾವ

ನಮ್ಮ ಸೋದರಮಾವ ಪುಣೆಯಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿದವರು. ಆದರೆ ಬೇರೆಯವರ ಹೋಟೆಲಿನಲ್ಲಿ ಒಂದು ದಿನವೂ ಪೂರ್ತಿ ಊಟ ಮಾಡಿದವರಲ್ಲ! ಬಾಗಿಲಲ್ಲಿ ಯಾರಾದರೂ ಜಾಗಕ್ಕಾಗಿ ನಿಂತದ್ದು ಕಂಡರೆ ಸಾಕು, ಕುಂದಾಪುರದ ಈ ಮನುಷ್ಯನ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. "ಏಳಿ, ಏಳಿ, ಗಿರಾಕಿ ನಿಂತಿದ್ದಾರೆ" ಎಂದು ನಮ್ಮನ್ನೂ ಎಬ್ಬಿಸುತ್ತಾರೆ. ಯಾರ ಗಿರಾಕಿ? ಯಾರ ಹೋಟೆಲು? ಕೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ! ಮದುವೆಯಾದ ಹೊಸತರಲ್ಲಿ ಅರ್ಧಕ್ಕೆ ಬಿಟ್ಟು ಎದ್ದ ಮಸಾಲೆದೋಸೆಯ ವಿಷಯವನ್ನು ಅತ್ತೆ ಇವತ್ತಿಗೂ ಎತ್ತುತ್ತಾರೆ.

ಒಮ್ಮೆ ಪುಣೆಯ ಡೆಕ್ಕನ್ ಬಡಾವಣೆಯ ಹೋಟೆಲೊಂದರಲ್ಲಿ ಪಕ್ಕದ ಮೇಜು ಒದ್ದೆಯಾಗಿತ್ತೆಂದು ತಮ್ಮ ಕರವಸ್ತ್ರದಿಂದಲೇ ಒರೆಸಿಬಿಟ್ಟರು. ಅಲ್ಲಿ ಕೂತಿದ್ದವರು ಪತ್ರಿಕೆಯಿಂದ ತಲೆಯೆತ್ತದೆ "ದೋನ್ ಚಹಾ" ಎಂದು ಎರಡು ಚಹಾಕ್ಕೆ ಹೇಳಿದರು. ಮಾವ ತಡಮಾಡದೆ ಅಡುಗೆಮನೆಯ ಕಡೆ ತಿರುಗಿ "ದೋನ್ ಚಹಾ, ಗರಮ್!" ಎಂದು ಕೂಗಿದರು. ಚಹಾ ಬಂತು ಕೂಡ!

ಇಂಥವರ ಮಗಳು ಶುಭಾ. ಕಚೇರಿಯ ಕೆಲಸದ ಮೇಲೆ ಆರು ತಿಂಗಳು ವಿಯೆಟ್ನಾಮಿನಲ್ಲಿದ್ದು ಬಂದವಳು, ಆ ಕೆಲಸವನ್ನೇ ಬಿಟ್ಟು ಪುಣೆಯ ಕೋಥರೂಡದಲ್ಲಿ ಆ ದೇಶದ ಅನ್ನದ ಹೋಟೆಲ್ ತೆರೆದಳು. "ಒಲೆ ಮುಂದೆ ನಾನು ಬೆಂದದ್ದು ಸಾಲದಾ?" ಎಂದು ಮಾವ ಎರಡು ತಿಂಗಳು ಆ ರಸ್ತೆಗೇ ಕಾಲಿಡಲಿಲ್ಲ. ಗಿರಾಕಿಗಳೂ ಅಷ್ಟಾಗಿ ಕಾಲಿಡಲಿಲ್ಲವೆನ್ನಿ. ದೀಪಾವಳಿಯೊಳಗೆ ಕುದುರದಿದ್ದರೆ ಮುಚ್ಚುತ್ತೇನೆ ಎಂದು ಶುಭಾ ನನ್ನ ಹತ್ತಿರ ಹೇಳಿದ್ದಳು. ನಾನು ಬಾಯಿ ತಡೆಯಲಾರದೆ ಮಾವನಿಗೆ ಹೇಳಿದೆ. ಮರುದಿನ ಮಧ್ಯಾಹ್ನ ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಸ್ಕೂಟರಿನ ಹಿಂದೆ ಕೂತೇಬಿಟ್ಟರು.

ಒಳಗೆ ಹೋದವರೇ ಅಡುಗೆಮನೆಗೆ ಅಂಟಿಕೊಂಡಿದ್ದ ಮೂಲೆಯ ಮೇಜು ಹಿಡಿದರು. ಒಳ್ಳೆಯ ಜಾಗ ಗಿರಾಕಿಗೆ ಬಿಡಬೇಕಲ್ಲ! ತಟ್ಟೆ ಬಂತು. ಅನ್ನ, ಸುಟ್ಟ ಸೋಯಾ ಪನೀರ್, ಹುಳಿಯಲ್ಲಿ ನೆನೆಸಿದ ಮೂಲಂಗಿ, ಗಜ್ಜರಿ, ಒಂದು ಬಟ್ಟಲಲ್ಲಿ ನಿಂಬೆ ಮೆಣಸಿನ ನೀರು.

ಮಾವ ಅನ್ನವನ್ನೇ ನೋಡಿದರು. "ಇದೆಂತ ಮಗಾ, ನುಚ್ಚಾ?"

"ಹೌದಪ್ಪ. ಅಲ್ಲಿ ನುಚ್ಚಕ್ಕಿ ಅನ್ನವೇ ವಿಶೇಷ."

"ನಮ್ಮಲ್ಲಿ ಇದನ್ನು ದನಕ್ಕೆ ಬೇಯಿಸ್ತಿದ್ದೆವು. ನೀನು ಮನುಷ್ಯರಿಗೆ ಬಡಿಸ್ತೀಯಲ್ಲ!"

ಶುಭಾಳ ಮುಖ ಚಿಕ್ಕದಾಯಿತು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅವರು ಒಂದು ಅಗುಳನ್ನು ಬೆರಳುಗಳ ನಡುವೆ ಒತ್ತಿ ನೋಡಿ, ಬಾಯಿಗಿಟ್ಟು, "ಹದ ಉಂಟು" ಎಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನಂತೂ ಕೇಳಿಲ್ಲ. ಆಮೇಲೆ ಸುತ್ತ ಕಣ್ಣಾಡಿಸಿದರು. ಒಂದೂವರೆ ಗಂಟೆ, ಊಟದ ಹೊತ್ತು, ಎಂಟು ಮೇಜಿನಲ್ಲಿ ನಮ್ಮದೊಂದು ಬಿಟ್ಟು ಎಲ್ಲವೂ ಖಾಲಿ. ಎದ್ದು, ತಟ್ಟೆ ಕೈಯಲ್ಲಿ ಹಿಡಿದು, ರಸ್ತೆಯ ಕಡೆಯ ಗಾಜಿನ ಕಿಟಕಿಯ ಪಕ್ಕದಲ್ಲಿ ಹೋಗಿ ಕೂತರು. ನಾನೂ ತಟ್ಟೆ ಹಿಡಿದು ಹಿಂದೆಯೇ ಹೋದೆ.

ಮಾವನ ತರಬೇತಿಯಲ್ಲಿ ಬೆಳೆದ ನಾನು ಹತ್ತು ನಿಮಿಷಕ್ಕೆ ಮುಗಿಸಿ ಎದ್ದೆ. ಅವರು ನನ್ನ ಕೈ ಹಿಡಿದು ಎಳೆದರು.

"ಕೂತ್ಕೊ ಮಾರಾಯ. ಖಾಲಿ ಹೋಟ್ಲಿಗೆ ಯಾರೂ ಹತ್ತುದಿಲ್ಲ. ಒಳಗೆ ಉಣ್ಣುವವರು ರಸ್ತೆಗೆ ಕಾಣ್ಬೇಕು. ನಿಧಾನ ಉಣ್ಣು."

ನಾನು ಮತ್ತೆ ಕೂತೆ. ಆ ಮನುಷ್ಯ ಒಂದೊಂದೇ ತುತ್ತನ್ನು ಹಬ್ಬದೂಟದ ಹಾಗೆ ಚಪ್ಪರಿಸುತ್ತಾ, ಗಾಜಿನಾಚೆ ಹೋಗುವವರ ಮುಖ ನೋಡುತ್ತಾ ಒಂದು ಗಂಟೆ ಕೂತರು. ಎರಡು ಸಲ ಅನ್ನ ಹಾಕಿಸಿಕೊಂಡರು. ಮೂರನೆಯ ಸಲ ಕೈಯೆತ್ತಿ ಕರೆದಾಗ ಶುಭಾ ಪಾತ್ರೆ ಹಿಡಿದು ಬಂದು ಹತ್ತಿರ ನಿಂತಳು.

"ಅಪ್ಪಾ, ಇನ್ನೂ ಹೊಟ್ಟೆ ತುಂಬಲಿಲ್ವಾ?"

"ಹೊಟ್ಟೆ ಆಗ್ಲೇ ತುಂಬಿತು ಮಗಾ," ಎಂದರು ಮಾವ, ಕಿಟಕಿಯಿಂದ ಕಣ್ಣು ತೆಗೆಯದೆ. "ನೀನು ಬಡಿಸು."