ಕಂಪ್ಯೂಟರಿನೊಳಗೆ ಹಾಡಿದ ಮುದುಕಿ

ಬೈಕುಲ್ಲಾದ ಆಫೀಸಿನಿಂದ ನಿವೃತ್ತನಾದ ದಿನ ನನಗೆ ಒಂದು ಹಾರ, ಒಂದು ಶಾಲು ಮತ್ತು ಹದಿಮೂರು ವರ್ಷ ನಾನೇ ಬಡಿದು ಸವೆಸಿದ ಕಂಪ್ಯೂಟರನ್ನು ಕೊಟ್ಟು ಕಳಿಸಿದರು. ಹಾರ ಮರುದಿನ ಬಾಡಿತು. ಶಾಲು ಈಗಲೂ ಚೆನ್ನಾಗಿದೆ. ಉಳಿದ ಮೂರನೆಯದರ ಬಗ್ಗೆ ಹೇಳಬೇಕಾಗಿದೆ.

ನಾನು ಹೇಳುವ ದಿನ, ಮಗಳು ಶ್ರೇಯಾಳ ಮದುವೆಗೆ ಒಂದು ತಿಂಗಳಿತ್ತು. ನನ್ನ ಹೆಂಡತಿ ಜಲಜಾಳ ದೊಡ್ಡಮ್ಮ ಮೊಣಕಾಲು ತೋರಿಸಲೆಂದು ಗೋರೆಗಾಂವಿನ ನಮ್ಮ ಮನೆಗೆ ಬಂದಿದ್ದವರು, ಅವತ್ತು ಸಂಜೆಯ ಗಾಡಿಗೆ ಕುಂದಾಪುರಕ್ಕೆ ವಾಪಸು ಹೊರಟಿದ್ದರು. ಇನ್ನು ಪ್ರಯಾಣ ಬೇಡವೆಂದು ಡಾಕ್ಟರ್ ಹೇಳಿದ್ದರಿಂದ ಮದುವೆಗೆ ಬರುವ ಹಾಗಿರಲಿಲ್ಲ. ಆದರೆ ನಮ್ಮಲ್ಲಿ ಧಾರೆಯ ಹೊತ್ತಿಗೆ ಹಾಡುವ ಶೋಭಾನೆ ಪೂರ್ತಿ ಬರುವುದು ಅವರೊಬ್ಬರಿಗೇ. ಶೋಭಾನೆಯಲ್ಲಿ ಒಬ್ಬರು ಸಾಲು ಎತ್ತಬೇಕು, ಉಳಿದವರು ಅದನ್ನೇ ತಿರುಗಿ ಹೇಳಬೇಕು. ಜಲಜಾ ಮತ್ತು ಅವಳ ತಂಗಿಯರು ಚಿಕ್ಕಂದಿನಿಂದ ತಿರುಗಿ ಹೇಳಿದವರೇ. ಎತ್ತಲು ಒಬ್ಬರಿಗೂ ಬಾರದು. ಮಗಳದ್ದು ಮಾತ್ರ ಒಂದೇ ಹಟ.

"ಪಪ್ಪಾ, ಡಿಜೆ ವಿಜೆ ನಹೀ ಚಾಹಿಯೆ. ನನಗೆ ಅಜ್ಜಿಯ ಸಾಂಗ್ ಬೇಕು, ಬಸ್."

ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರಾಯಿತು ಎಂದಳು ಜಲಜಾ. ನಾನು ನಕ್ಕೆ. ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮೊಬೈಲೇ? ಪುಕ್ಕಟೆ ಸಿಗುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಂದನ್ನು ಹಿಂದಿನ ದಿನವೇ ಅದರೊಳಗೆ ಇಳಿಸಿಟ್ಟಿದ್ದೆ. ಬೆಳಿಗ್ಗೆ ಅದನ್ನು ತೆರೆಯಲು ಬಟನ್ ಒತ್ತಿ, ಸ್ನಾನ ಮಾಡಿ, ಎರಡು ದೋಸೆ ತಿಂದು ಬಂದೆ. ಅರ್ಧ ತೆರೆದಿತ್ತು.

ಊಟವಾದ ಮೇಲೆ ದೊಡ್ಡಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಮುಂದೆ ಮೈಕು ಇಟ್ಟು, ಸ್ಟುಡಿಯೋದಲ್ಲಿ ಗಾಯಕರು ಹಾಕುತ್ತಾರಲ್ಲ ಎಂದು ತುರುಬಿನ ಮೇಲೆ ಹೆಡ್‌ಫೋನ್ ಏರಿಸಿದೆ. ಮೊದಲ ಸಲ ಹಾಡಿನ ಬದಲು ರೆಕಾರ್ಡಾದದ್ದು ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು ಮಾತ್ರ. ಇದಕ್ಕೇನು ಮದ್ದೆಂದು ಇಂಟರ್ನೆಟ್ಟಿನಲ್ಲಿ ಒಂದು ವಿಡಿಯೋ ಹುಡುಕಿ ನೋಡಿದೆ. ಹಳೆಯ ಕಂಪ್ಯೂಟರಿಗೆ ಉಸಿರಾಡಲು ಸಮಯ ಕೊಡಬೇಕು, ಅದಕ್ಕೆ ಬಫರ್ ಎನ್ನುತ್ತಾರೆ, ಅದನ್ನು ಹೆಚ್ಚಿಸಿ ಎಂದ ಒಬ್ಬ. ನಾನು ಸ್ವಭಾವತಃ ಉದಾರಿ. ಎಷ್ಟಿತ್ತೋ ಅಷ್ಟೂ ಕೊಟ್ಟುಬಿಟ್ಟೆ. ಹಾಗೆ ಮಾಡಿದರೆ ಹೆಡ್‌ಫೋನಿನಲ್ಲಿ ಸ್ವರ ತಡವಾಗಿ ಕೇಳುತ್ತದೆ ಎಂದೂ ಅವನು ಆಮೇಲೆ ಹೇಳಿದ್ದನಂತೆ. ಅಷ್ಟರಲ್ಲಿ ನಾನು ವಿಡಿಯೋ ನಿಲ್ಲಿಸಿದ್ದೆ.

ಸಾಸಿವೆ ನಿಂತಿತು. ದೊಡ್ಡಮ್ಮ ಒಂದು ಸಾಲು ಹಾಡಿದರು. ಸುಮ್ಮನಾದರು. ತಲೆದೂಗಿದರು. ಮತ್ತೆ ಇನ್ನೊಂದು ಸಾಲು ಹಾಡಿ ಸುಮ್ಮನಾದರು. ನಾಲ್ಕು ಸಾಲು ಹೀಗೇ ಆದ ಮೇಲೆ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ ಕೇಳಿದರು:

"ಅಳಿಯಂದಿರೇ, ಹಿಂದಿನಿಂದ ಹೇಳುವ ಮುದುಕಿ ಯಾರು? ಸಾಲು ಒಂದೂ ತಪ್ಪುವುದಿಲ್ಲ ಅವಳಿಗೆ. ಆದರೆ ಸ್ವರ ಹೋಗಿದೆ, ಪಾಪ."

ನಾನು ಹೆಡ್‌ಫೋನ್ ಹಾಕಿಕೊಂಡು, ಒಂದು ಸಾಲು ಹಾಡಿ ಎಂದೆ. ಹಾಡಿದರು. ಅವರದೇ ಸ್ವರ, ಒಂದು ಸಾಲು ತಡವಾಗಿ, ಬಂದು ತಲುಪಿತು. ಸುತ್ತ ಏಳೂರಲ್ಲಿ ಹಾಡಿಗೆ ಹೆಸರಾದ ಹೆಂಗಸಿಗೆ, ಆ ಮುದುಕಿ ನೀವೇ ಎಂದು ಹೇಗೆ ಹೇಳುವುದು? ಕಂಪ್ಯೂಟರಿನಲ್ಲಿ ಹಾಗೆ ಬರುವುದುಂಟು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಬೇಕಾದರೆ ಹೆಡ್‌ಫೋನ್ ತೆಗೆದುಬಿಡುವ ಎಂದೂ ಹೇಳಿನೋಡಿದೆ.

"ಬೇಡ. ಇದು ಒಬ್ಬಳೇ ಹಾಡುವ ಹಾಡಲ್ಲ" ಎಂದರು ದೊಡ್ಡಮ್ಮ. "ಅವಳಿಗೂ ವಯಸ್ಸಾಗಿದೆ. ನಾನೇ ನಿಧಾನ ಮಾಡುತ್ತೇನೆ."

ನಿಧಾನ ಮಾಡಿದರು. ಮುದುಕಿಯೂ ನಿಧಾನ ಮಾಡಿದಳು. ಪಾಪ, ಇನ್ನೂ ಸುಸ್ತಾದಳೆಂದು ದೊಡ್ಡಮ್ಮ ಮತ್ತಷ್ಟು ನಿಧಾನವಾದರು. ಆ ಲೆಕ್ಕದಲ್ಲಿ ಹಾಡು ಮುಗಿಯುವಾಗ ಮದುವೆಯ ಎರಡನೇ ಪಂಕ್ತಿ ಎದ್ದು ಕೈತೊಳೆಯುತ್ತಿರುತ್ತದೆ.

ಇಷ್ಟರಲ್ಲಿ ಕಂಪ್ಯೂಟರಿನ ಫ್ಯಾನು ದೊಡ್ಡಮ್ಮನಿಗಿಂತ ಮೇಲಿನ ಶ್ರುತಿ ಹಿಡಿಯಿತು. ಹಾಡೆಲ್ಲ ಗುಂಯ್ ಎನ್ನುತ್ತಿತ್ತು. ಸದ್ದು ಅಡಗಿಸಲು ದಪ್ಪಗಿನದು ಏನಾದರೂ ಬೇಕಿತ್ತು. ಕಪಾಟಿನಿಂದ ನನ್ನ ಶಾಲು ತಂದು ಅದಕ್ಕೆ ಹೊದೆಸಿದೆ. ನಮ್ಮ ಆಫೀಸಿನಲ್ಲಿ ಶಾಲು ಹೊದೆಸಿದರೆ ಏನರ್ಥವೆಂದು ಹದಿಮೂರು ವರ್ಷ ನೋಡಿದ ಯಂತ್ರ ಅದು. ಹತ್ತೇ ನಿಮಿಷದಲ್ಲಿ ನಿವೃತ್ತವಾಯಿತು.

"ಸೇವ್ ಮಾಡಿದ್ದಿರಲ್ಲ?" ಎಂದಳು ಜಲಜಾ.

ಹಾಡು ಮುಗಿದ ಮೇಲೆ ಮಾಡುವವನಿದ್ದೆ ಎಂದೆ. ಎಂತ ಮಾರಾಯ್ರೆ ನೀವು ಎಂದು ಅವಳು ಮೊಬೈಲ್ ಹುಡುಕಿ ತರುವಷ್ಟರಲ್ಲಿ ದೊಡ್ಡಮ್ಮನ ಗಂಟಲು ಕಟ್ಟಿತ್ತು, ಟ್ಯಾಕ್ಸಿ ಬಿಲ್ಡಿಂಗಿನ ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಹೋಗುವಾಗ ದೊಡ್ಡಮ್ಮ ಆ ಮುದುಕಿಗೆ ಶುಂಠಿ ಕಷಾಯ ಮಾಡಿಕೊಡಬೇಕೆಂದು ಹೇಳಿ ಹೋದರು.

ಬಾಂದ್ರಾದ ಆಫೀಸಿನಿಂದ ಬಂದ ಶ್ರೇಯಾ ಹಾಡು ಕೇಳಿಸು ಎಂದಳು. ನಡೆದದ್ದನ್ನು ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. ಇಟ್ಸ್ ಓಕೆ ಪಪ್ಪಾ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗಳು ಬಾಯಿಬಿಟ್ಟು ಕೇಳಿದ ಒಂದೇ ಒಂದನ್ನು ಹಾಳು ಮಾಡಿದೆನಲ್ಲ ಎಂದು ನನಗೆ ಅನ್ನ ಸೇರಲಿಲ್ಲ.

ಮದುವೆಯ ದಿನದ ಏರ್ಪಾಡನ್ನು ಜಲಜಾಳೇ ವಹಿಸಿಕೊಂಡಳು. ಧಾರೆಯ ಹೊತ್ತಿಗೆ ಕುಂದಾಪುರಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಮೊಬೈಲನ್ನು ನನ್ನ ಕೈಗೆ ಕೊಟ್ಟಳು. ಮೈಕಿನ ಎದುರು ಹಿಡಿದು ನಿಲ್ಲುವುದು, ಯಾವ ಬಟನ್ನನ್ನೂ ಮುಟ್ಟದಿರುವುದು, ಇಷ್ಟೇ ನನ್ನ ಕೆಲಸ. ದೊಡ್ಡಮ್ಮ ಅಲ್ಲಿಂದ ಸಾಲು ಎತ್ತಿದರು. ಇಲ್ಲಿ ಜಲಜಾ ಮತ್ತು ತಂಗಿಯರು ತಿರುಗಿ ಹೇಳಿದರು. ಅದು ಕುಂದಾಪುರಕ್ಕೆ ಮುಟ್ಟುವವರೆಗೆ ದೊಡ್ಡಮ್ಮ ಕಾದರು. ಕಾದೇ ಹಾಡುವ ಹಾಡಾದ್ದರಿಂದ ಯಾರಿಗೂ ತಡವೆನಿಸಲಿಲ್ಲ. ಶ್ರೇಯಾ ಮೇಕಪ್ಪಿನ ಚಿಂತೆ ಬಿಟ್ಟು ಅತ್ತಳು. ನಾನೂ ಅತ್ತೆ, ಆದರೆ ಕೈ ಅಲುಗಿಸಲಿಲ್ಲ.

ಹಾಡು ಮುಗಿಯಿತು. ಆಗ ಮೈಕಿನಲ್ಲಿ ದೊಡ್ಡಮ್ಮನ ಸ್ವರ ಸ್ಪಷ್ಟವಾಗಿ ಕೇಳಿಸಿತು:

"ಈ ಸಲ ಚೆಂದ ಹೇಳಿದರು. ಅಳಿಯಂದಿರೇ, ಅವತ್ತು ನಿಮ್ಮ ಕೋಣೆಯಲ್ಲಿ ಹಾಡಿದ ಆ ಮುದುಕಿಯನ್ನು ಮದುವೆಗೆ ಕರೆಯಲಿಲ್ಲವಾ?"

ಯಾವ ಮುದುಕಿ ಎಂದು ಬೀಗರು ನನ್ನ ಕಡೆ ತಿರುಗಿದರು. ಇಡೀ ಹಾಲ್ ತಿರುಗಿತು. ದೊಡ್ಡಮ್ಮ ಅವಳ ಗಂಟಲು, ಅವಳ ಕಷಾಯ ಎಂದು ವಿಚಾರಿಸುತ್ತಲೇ ಇದ್ದರು. ಫೋನ್ ಕಟ್ ಮಾಡಬಹುದಿತ್ತು. ಆದರೆ ಯಾವ ಬಟನ್ನನ್ನೂ ಮುಟ್ಟಬಾರದೆಂದು ನನಗೆ ಹೇಳಲಾಗಿತ್ತು.