ಒಬ್ಬನ ಮನೆಯ ಸಿಪ್ಪೆ

ನಾನು ಜೀವನದಲ್ಲಿ ಯಾರ ಮುಂದೆಯೂ ಕೈ ಚಾಚಿದವನಲ್ಲ. ಈ ಮಾತನ್ನು ಎಷ್ಟು ಜನರ ಹತ್ತಿರ ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ಈಗ ನಾನು ಬಾಯಿ ತೆರೆದ ಕೂಡಲೇ ‘ಹೌದು ಹೌದು, ಹೋದ ಸಲಾನೂ ಹೇಳಿದ್ರಿ’ ಎಂದು ಸ್ಕೂಟರು ಸ್ಟಾರ್ಟ್ ಮಾಡಿಬಿಡುತ್ತಾರೆ. ಹೇಳಿಕೊಳ್ಳುವುದಕ್ಕೆ ಈಚೆಗೆ ನನಗೂ ಸ್ವಲ್ಪ ಸಂಕೋಚ. ಯಾಕೆಂದರೆ ಒಂದು ಸಲ ಚಾಚಿಬಿಟ್ಟಿದ್ದೇನೆ. ಸಾಲಕ್ಕಲ್ಲ, ಶಿಫಾರಸಿಗಲ್ಲ, ಸಿಪ್ಪೆಗೆ. ಈರುಳ್ಳಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಬೀನ್ಸಿನ ನಾರು, ಬದನೆಕಾಯಿ ತೊಟ್ಟು. ಚಾಚುವುದೇ ಆಗಿದ್ದರೆ ಇನ್ನೂ ಸ್ವಲ್ಪ ಘನವಾದ ಪದಾರ್ಥಕ್ಕೆ ಚಾಚಬಹುದಿತ್ತು.

ನನ್ನದು ವೆಲ್ಡಿಂಗ್ ಕೆಲಸ. ಏಳನೇ ಕ್ಲಾಸಿಗೆ ಪುಸ್ತಕ ಮುಚ್ಚಿಟ್ಟು ಕೆಸರೆಯ ಒಂದು ಶೆಡ್ಡಿನಲ್ಲಿ ಕಬ್ಬಿಣ ಹಿಡಿದವನು ಆಮೇಲೆ ಸ್ವಂತ ಶೆಡ್ಡು ಹಾಕಿದೆ, ಕುವೆಂಪುನಗರದಲ್ಲಿ ಪುಟ್ಟದೊಂದು ಮನೆಯನ್ನೂ ಕಟ್ಟಿಕೊಂಡೆ. ನಮ್ಮ ರಸ್ತೆಯ ಗೇಟುಗಳೆಲ್ಲ ನನ್ನ ಕೈಯವೇ. ಎದುರುಮನೆಯ ಅರ್ಧ ಸೂರ್ಯ, ಪಕ್ಕದವರ ನವಿಲು, ಮೂಲೆಮನೆಯ ಈಟಿಮೊನೆ, ಎಲ್ಲ ನಾನು ಬಗ್ಗಿಸಿದ್ದು. ಗೇಟು ಮಾಡುವವನ ಹಣೆಬರಹ ಏನೆಂದರೆ, ಗೇಟು ಕೂರಿಸಿ ಚಿಲಕ ಸರಿಯಾಗಿ ಬೀಳುತ್ತದೋ ಇಲ್ಲವೋ ಎಂದು ಹೊರಗೆ ನಿಂತು ನೋಡಿ, ಹಾಗೇ ಹೊರಗಿನಿಂದಲೇ ಮನೆಗೆ ಹೋಗುವುದು. ಮದುವೆ ಆಗಲಿಲ್ಲ. ಪ್ರಯತ್ನ ಪಡಲಿಲ್ಲ ಅಂತಲ್ಲ. ಒಂದು ಸಲ ನಂಜನಗೂಡಿನ ಕಡೆ ಹೆಣ್ಣು ನೋಡಲು ಹೋಗಿದ್ದೆ. ಹುಡುಗಿಯ ತಂದೆ ಉಪ್ಪಿಟ್ಟು ಕೊಟ್ಟು ‘ಎಲ್ಲಿವರೆಗೆ ಓದಿದೀರಿ?’ ಎಂದರು. ಹೇಳಿದೆ. ಕಾಫಿ ಬರುವ ಹೊತ್ತಿಗೆ ಮಾತು ಕಬ್ಬಿಣದ ಕಡೆಗೆ ತಿರುಗಿತ್ತು. ಹೆಣ್ಣು ಕೊಡಲಿಲ್ಲ, ಗೇಟಿಗೆ ಆರ್ಡರು ಕೊಟ್ಟರು. ನಾನೂ ಜಿದ್ದಿಗೆ ಬಿದ್ದವನಂತೆ ಮಾಡಿಕೊಟ್ಟೆ. ಆ ಗೇಟು ಈಗಲೂ ಅಲುಗಾಡದೆ ನಿಂತಿದೆಯಂತೆ.

ಒಬ್ಬನೇ ಇರುವವನಿಗೆ ಕಿವಿ ಬಹಳ ಚುರುಕು. ಗೇಟು ಮಾಡಿದ್ದು ನಾನಾದರೂ ಎಣ್ಣೆ ಹಾಕಬೇಕಾದವರು ಮನೆಯವರು; ಯಾರೂ ಹಾಕುತ್ತಿರಲಿಲ್ಲ. ಹಾಗಾಗಿ ಪ್ರತಿಯೊಂದು ಗೇಟಿಗೂ ಅದರದೇ ಆದ ಕಂಠ ಬಂದಿತ್ತು. ಹಾಸಿಗೆಯಲ್ಲಿ ಮಲಗಿಕೊಂಡೇ ನಾನು ರಸ್ತೆಯ ಸಮಾಚಾರ ಹೇಳುತ್ತಿದ್ದೆ. ಕಿರ್ರ್ ಎಂದು ಎಳೆದರೆ ಪಕ್ಕದ ಬ್ಯಾಂಕಿನವರು ಹಾಲಿಗೆ ಹೊರಟರು. ಕೀಂಯ್ ಟಪ್ ಎಂದರೆ ಮೂಲೆಮನೆಯ ಮಕ್ಕಳಿಗೆ ಸ್ಕೂಲಿಗೆ ತಡವಾಯಿತು. ಎಲ್ಲರೂ ಹೊರಟಾದ ಮೇಲೆ ನಾನು ಎದ್ದು ಟೀ ಕಾಯಿಸುತ್ತಿದ್ದೆ.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು, ದೀಪಾವಳಿ ಮುಗಿದ ಹೊಸದರಲ್ಲಿ ಎದುರುಮನೆಯ ಸುಶೀಲಾ ಟೀಚರು ಪಾರ್ಕಿನಲ್ಲಿ ರಸ್ತೆಯವರ ಮೀಟಿಂಗು ಕರೆದರು. ರಿಟೈರಾಗಿದ್ದರೂ ಅವರ ಮುಂದೆ ನಾವೆಲ್ಲ ಕ್ಲಾಸಿನ ಬೆಂಚಿನ ಮೇಲೆ ಕೂತ ಮಕ್ಕಳ ಹಾಗೇ ಕೂರುತ್ತೇವೆ. ಅಂಗಡಿಗೆ ಬಟ್ಟೆ ಚೀಲ ತಗೊಂಡು ಹೋಗಿ ಅಂದರು. ನನ್ನದು ಹಳೇ ಪ್ಯಾಂಟಿನ ಚೀಲ, ಜೇಬು ಸಮೇತ. ಅಕ್ಕಿ ತೊಳೆದ ನೀರು ಗಿಡಕ್ಕೆ ಹಾಕಿ ಅಂದರು. ಹಾಕುತ್ತೇನೆ. ಆಳಿಲ್ಲದ ರೂಮಿನಲ್ಲಿ ದೀಪ ಆರಿಸಿ ಅಂದರು. ನಮ್ಮ ಮನೆಯಲ್ಲಿ ಆಳಿರುವುದೇ ಒಂದು ರೂಮಿನಲ್ಲಿ. ಇದಕ್ಕೆಲ್ಲ ಪರಿಸರ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ಅವತ್ತೇ. ಅಲ್ಲಿಯವರೆಗೆ ಜಿಪುಣತನ ಅಂದುಕೊಂಡಿದ್ದೆ. ಕೊನೆಗೆ ಟೀಚರು, ‘ಅಡುಗೆಮನೆ ಕಸದಲ್ಲಿ ಗೊಬ್ಬರ ಮಾಡಬಹುದು. ಮೊದಲು ಯಾರು ಮಾಡ್ತೀರಿ?’ ಎಂದರು. ಇಂಜಿನಿಯರುಗಳು ಚಪ್ಪಲಿ ನೋಡಿಕೊಂಡರು. ಬ್ಯಾಂಕಿನವರು ಚಾಮುಂಡಿ ಬೆಟ್ಟದ ಕಡೆ ನೋಡಿದರು. ಓದಿದವರೆಲ್ಲ ಸುಮ್ಮನಿರುವುದನ್ನು ಕಂಡು ನನ್ನ ಕೈ ತಾನಾಗಿ ಮೇಲೆದ್ದಿತು. ಕೈ ಎತ್ತಿದ್ದು ಸಾಲದೆಂಬಂತೆ ಬಾಯಿಯೂ ಸೇರಿಕೊಂಡಿತು: ‘ಉಗಾದಿ ಹೊತ್ತಿಗೆ ಪ್ರತಿ ಮನೆಗೂ ಒಂದೊಂದು ಬುಟ್ಟಿ ಗೊಬ್ಬರ ಕೊಡ್ತೀನಿ ಟೀಚರ್.’ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಯಾರಾದರೂ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಮಣ್ಣಿನ ಮಡಕೆ ಸಾಕು ಅಂತ ಟೀಚರು ಹೇಳಿದ್ದರು. ವೆಲ್ಡಿಂಗಿನವನು ಮಡಕೆ ಇಡುವುದುಂಟೇ? ಶೆಡ್ಡಿನಲ್ಲಿ ಬಿದ್ದಿದ್ದ ಹಳೇ ಎಣ್ಣೆ ಡ್ರಮ್ಮನ್ನು ತೊಳೆದು, ಅಡ್ಡ ಮಲಗಿಸಿ, ನಡುವೆ ಪೈಪು ತೂರಿಸಿ, ಕಾಲು ನಿಲ್ಲಿಸಿ, ಗಾಳಿಗೆ ತೂತು ಕೊರೆದು, ತಿರುಗಿಸಲು ಹಿಡಿ ಕೂರಿಸಿ, ಹಸಿರು ಬಣ್ಣ ಹೊಡೆದೆ. ಗೇಟಿನ ಪಕ್ಕದಲ್ಲಿ ಅದು ನಿಂತ ಠೀವಿ ನೋಡಿ ದಾರಿಯಲ್ಲಿ ಹೋಗುವವರು ಸ್ಕೂಟರು ನಿಧಾನ ಮಾಡುತ್ತಿದ್ದರು. ಅಳತೆಯೊಂದನ್ನು ಮಾತ್ರ ಯೋಚಿಸಿರಲಿಲ್ಲ. ಮೊದಲ ದಿನದ ನನ್ನ ಕಸ ಇಷ್ಟು: ಒಂದು ಈರುಳ್ಳಿಯ ಸಿಪ್ಪೆ, ಸೋಸಿದ ಟೀಪುಡಿ, ಕೈತಪ್ಪಿ ಬಿದ್ದ ತೆಂಗಿನ ಚಿಪ್ಪಿನ ಒಂದು ಚೂರು. ಹಿಡಿ ತಿರುಗಿಸಿದೆ. ಚಿಪ್ಪಿನ ಚೂರು ಒಳಗೆ ಒಂದು ಪ್ರದಕ್ಷಿಣೆ ಬಂದು ಠಣ್ ಎಂದಿತು.

ಕಸದ ತಳ್ಳುಗಾಡಿಯ ಪುಟ್ಟಮ್ಮ ಅದೇ ಹೊತ್ತಿಗೆ ಸೀಟಿ ಊದಿಕೊಂಡು ಬಂದಳು. ಅವಳು ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸುತ್ತಲೇ ಇರಲಿಲ್ಲ. ಒಂದು ಸಲ ಅದಕ್ಕೆ ನಾನು ರೇಗಿದ್ದಾಗ, ‘ನಿಮ್ ಮನೇಲಿ ಕಸ ಎಲ್ಲದೆ ಅಣ್ಣ? ಒಂದೀರುಳ್ಳಿ ಸಿಪ್ಪೆಗೆ ಗಾಡಿ ನಿಲ್ಲುಸ್ಬೇಕಾ?’ ಎಂದಿದ್ದಳು. ಅವತ್ತು ಮಾತ್ರ ನಿಂತಳು. ಡ್ರಮ್ಮನ್ನು ಒಂದು ಸುತ್ತು ನೋಡಿ, ‘ಇದ್ಯಾರ ಮದ್ವೆಗಣ್ಣ ಅಡುಗೆ?’ ಎಂದು ಹೋದಳು.

ಒಬ್ಬನಿಗೆ ಅಡುಗೆ ಮಾಡುವುದು ಎಷ್ಟು ಕಷ್ಟ ಎಂದು ಸಂಸಾರಸ್ಥರಿಗೆ ತಿಳಿಯದು. ಒಂದು ಬದನೆಕಾಯಿ ಕೇಳಿದರೆ ತರಕಾರಿಯವನು ತಕ್ಕಡಿ ಎತ್ತುವುದಿಲ್ಲ, ನಮ್ಮ ಮುಖ ನೋಡುತ್ತಾನೆ. ಎರಡು ನುಗ್ಗೆಕಾಯಿಯ ಸಾರು ಮಾಡಿದರೆ ಅದೇ ಸಾರಿಗೆ ಮಾರನೇ ದಿನವೂ ನಾನೇ ನೆಂಟ. ಆದರೆ ಡ್ರಮ್ಮು ತುಂಬಬೇಕಲ್ಲ. ಸಿಪ್ಪೆಯ ಆಸೆಗೆ ಒಂದು ಇಡೀ ಬೂದುಗುಂಬಳ ತಂದೆ. ಮಜ್ಜಿಗೆಹುಳಿ, ಪಲ್ಯ, ಕೂಟು ಎಂದು ವಾರವೆಲ್ಲ ತಿಂದೆ. ಆ ಕುಂಬಳವನ್ನು ಕನಸಿನಲ್ಲೂ ಹೆಚ್ಚುತ್ತಿದ್ದೆ. ಅಷ್ಟೆಲ್ಲ ತಿಂದರೂ ಡ್ರಮ್ಮಿನ ತಳ ಮುಚ್ಚಲಿಲ್ಲ. ಟೀಚರು ಬಂದು ಡ್ರಮ್ಮಿನ ಬಾಗಿಲು ತೆಗೆಸಿ, ಇಣುಕಿ ನೋಡಿ, ಮೆಲ್ಲಗೆ ಹೇಳಿದರು: ‘ನಂಜಪ್ಪನವರೇ, ಗೊಬ್ಬರ ಆಗಬೇಕಾದರೆ ಒಳಗೆ ಕಾವು ಏಳಬೇಕು ಕಣ್ರೀ. ಒಬ್ಬರ ಮನೆ ಸಿಪ್ಪೆಗೆ ಕಾವು ಬರಲ್ಲ.’ ಅವರು ಹೋದ ಮೇಲೆ ಕೈ ಇಟ್ಟು ನೋಡಿದೆ. ಕಬ್ಬಿಣ ಕರಗಿಸುವವನ ಡ್ರಮ್ಮು ತಣ್ಣಗಿತ್ತು.

ಕೊಟ್ಟ ಮಾತು ಮುರಿಯುವುದೋ, ಸಿಪ್ಪೆ ಬೇಡುವುದೋ? ಒಂದು ಭಾನುವಾರ ಬೆಳಿಗ್ಗೆ ಬಕೀಟು ಹಿಡಿದು ಹೊರಟೆ. ಬರೀ ಬಕೀಟು ಹಿಡಿದು ಹೋದರೆ ಏನೋ ಕೇಳಲು ಬಂದವನ ಹಾಗೆ ಕಾಣುತ್ತದಲ್ಲ ಎಂದು ಅದರೊಳಗೆ ಎಣ್ಣೆ ಡಬ್ಬಿ ಇಟ್ಟುಕೊಂಡೆ. ಪಕ್ಕದ ಮನೆಯ ನವಿಲಿನ ಗೇಟು ತಳ್ಳಿದೆ. ಬ್ಯಾಂಕಿನವರು ಪೇಪರಿನಿಂದ ತಲೆಯೆತ್ತಿ, ‘ಏನ್ ನಂಜಪ್ಪನವರೇ, ಅಪರೂಪಕ್ಕೆ?’ ಎಂದರು. ಬಕೀಟಿನಿಂದ ಎಣ್ಣೆ ಡಬ್ಬಿ ಎತ್ತಿ ತೋರಿಸಿದೆ. ‘ಏನಿಲ್ಲ ಸಾರ್, ಗೇಟಿಗೆ ಎಣ್ಣೆ ಹಾಕೋಣ ಅಂತ’ ಎಂದೆ. ಎಣ್ಣೆ ಹಾಕಿದೆ. ಮುಂದಿನ ಮನೆಯಲ್ಲೂ ಅದೇ ಕಥೆ. ಮೂಲೆಮನೆಯವರು ‘ಏನಾದರೂ ತಗೊಳ್ಳಿ’ ಎಂದು ಬಲವಂತ ಮಾಡಿದರು. ಅವರ ಅಡುಗೆಮನೆಯ ಬಾಗಿಲಲ್ಲೇ ಹೀರೇಕಾಯಿ ಸಿಪ್ಪೆಯ ರಾಶಿ ಕಾಣುತ್ತಿತ್ತು. ‘ಛೆ ಛೆ, ಏನೂ ಬೇಡ’ ಎಂದು ಬಂದೆ. ಬಕೀಟು ಖಾಲಿ, ಎಣ್ಣೆ ಡಬ್ಬಿಯೂ ಮುಕ್ಕಾಲು ಖಾಲಿ.

ಮಾರನೇ ಬೆಳಿಗ್ಗೆ ಎಚ್ಚರವಾದರೆ ರಸ್ತೆಯಲ್ಲಿ ಸದ್ದೇ ಇಲ್ಲ. ಇನ್ನೂ ಹೊತ್ತಾಗಿಲ್ಲವೆಂದು ಮಗ್ಗುಲು ಬದಲಿಸಿದೆ. ಕಿಟಕಿಯಲ್ಲಿ ನೋಡಿದರೆ ಬಿಸಿಲು ಬಂದಿದೆ, ಬ್ಯಾಂಕಿನವರು ಹಾಲು ತಂದಾಗಿದೆ, ಮಕ್ಕಳು ಸ್ಕೂಲಿಗೆ ಹೋಗಿಯಾಗಿದೆ. ಗೇಟುಗಳೆಲ್ಲ ಬೆಣ್ಣೆಯಂತೆ ತೆರೆದು ಬೆಣ್ಣೆಯಂತೆ ಮುಚ್ಚಿಕೊಂಡಿವೆ. ನನಗಿದ್ದ ಒಂದು ರೇಡಿಯೋವನ್ನು ನಾನೇ ಕೆಡಿಸಿಕೊಂಡಿದ್ದೆ. ಟೀ ಮಾಡಿಕೊಳ್ಳುವ ಮನಸ್ಸೂ ಆಗದೆ ಹೊರಗೆ ಬಂದು ಡ್ರಮ್ಮಿನ ಪಕ್ಕ ಕೂತೆ. ಪುಟ್ಟಮ್ಮನ ಸೀಟಿ ಕೇಳಿಸಿತು. ಆ ಹೊತ್ತಿಗೆ ಕಿವಿಗೆ ಬಿದ್ದದ್ದು ಅದೊಂದೇ ಸದ್ದು. ಎದ್ದು ಗಾಡಿಗೆ ಅಡ್ಡ ನಿಂತು, ‘ಪುಟ್ಟಮ್ಮ, ಸ್ವಲ್ಪ ಸಿಪ್ಪೆ ಕೊಡ್ತೀಯೇನಮ್ಮ?’ ಎಂದುಬಿಟ್ಟೆ. ಕೈ ನಿಜವಾಗಿಯೂ ಮುಂದಕ್ಕೆ ಚಾಚಿಕೊಂಡೇ ಇತ್ತು.

ಪುಟ್ಟಮ್ಮ ಸೀಟಿ ಬಾಯಿಂದ ತೆಗೆದಳು. ‘ಅಯ್ಯೋ ಶಿವನೇ! ಇಷ್ಟ್ ವರ್ಸ ಗಾಡಿ ತಳ್ಳೀನಿ, ಕಸ ತಗೊಂಡೋಗು ಅಂದವ್ರೇ ಎಲ್ರೂವೆ. ಕೊಡು ಅಂದೋರು ನೀವೊಬ್ರೇ ಕಣಣ್ಣ. ಇದ್ಕೆ ಮಖ ಯಾಕಂಗ್ ಮಾಡ್ಕಂಡಿದ್ದೀರಿ? ಬುಡಿ, ನಾನ್ ನೋಡ್ಕತೀನಿ’ ಎಂದಳು. ನೋಡಿಕೊಂಡದ್ದು ಹೇಗೆಂದರೆ, ಮಾರನೇ ದಿನದಿಂದ ಪ್ರತಿ ಗೇಟಿನ ಮುಂದೆಯೂ ಸೀಟಿ ಊದಿ, ‘ಸಿಪ್ಪೆ ಬ್ಯಾರೆ ಮಡಗ್ರವ್ವಾ, ನಂಜಪ್ಪನವ್ರಿಗೆ!’ ಎಂದು ಕೂಗತೊಡಗಿದಳು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾನ ತಳ್ಳುಗಾಡಿಯ ಮೇಲೆ ಕೂತು ರಸ್ತೆಯುದ್ದಕ್ಕೂ ಮೆರವಣಿಗೆ ಹೋಯಿತು. ನಾನು ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಂತಿದ್ದೆ.

ಅಷ್ಟರಲ್ಲಿ ಅವರೆಕಾಯಿಯ ಕಾಲ ಬಂತು. ಅವರೆಕಾಯಿ ಒಬ್ಬರೇ ಸುಲಿಯುವ ಪದಾರ್ಥವಲ್ಲ. ಮನೆಮಂದಿಯೆಲ್ಲ ಸುತ್ತ ಕೂತು ಮಾತಾಡುತ್ತಾ ಸುಲಿಯಬೇಕು. ಮಾತು, ಕಾಳು ಎರಡೂ ಅವರವರ ಮನೆಯಲ್ಲೇ ಉಳಿದವು. ಸಿಪ್ಪೆ ಪುಟ್ಟಮ್ಮನ ಕೈಯಲ್ಲಿ ಬಕೀಟುಗಟ್ಟಲೆ ನಮ್ಮ ಗೇಟು ದಾಟಿ ಬಂತು. ಸೊಗಡಿನ ವಾಸನೆ ಕುಡಿಯುತ್ತಾ ನಾನು ಅನ್ನ ಮಜ್ಜಿಗೆ ಉಂಡೆ. ಒಂದು ಚಳಿ ಬೆಳಿಗ್ಗೆ ಡ್ರಮ್ಮಿನ ಬಾಗಿಲು ತೆಗೆದರೆ ಹಬೆ ಎದ್ದಿತು. ಕೈ ಇಟ್ಟೆ. ಬೆಚ್ಚಗಿತ್ತು. ಪರೀಕ್ಷೆಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಇಟ್ಟಿದ್ದಿರಬೇಕು, ಹಿಂದಿನಿಂದ ಪುಟ್ಟಮ್ಮ ‘ಒಲೆ ಚೆಂದಾಗದಾ ಅಣ್ಣ?’ ಎಂದಳು.

ಉಗಾದಿಗೆ ಮಾತು ಉಳಿಸಿಕೊಂಡೆ. ಬುಟ್ಟಿ ಹಿಡಿದು ಮನೆಮನೆಗೂ ಹೋದೆ. ಕೊಡಲು ಹೋಗುವಾಗ ಎಣ್ಣೆ ಡಬ್ಬಿ ಬೇಕಾಗಲಿಲ್ಲ. ಟೀಚರು ಒಳಗೆ ಕೂರಿಸಿ ಹೋಳಿಗೆ ಕೊಟ್ಟು, ‘ಅಲ್ರೀ, ರಸ್ತೆ ಗೇಟಿಗೆಲ್ಲ ಎಣ್ಣೆ ಹಾಕಿದ್ರಿ, ನಿಮ್ಮ ಗೇಟು ಮಾತ್ರ ಹಂಗೆ ಕಿರುಚುತ್ತಲ್ಲ! ಪುಟ್ಟಮ್ಮ ತಳ್ಳಿದರೆ ನಮ್ಮನೆವರೆಗೂ ಕೇಳ್ಸುತ್ತೆ’ ಎಂದರು. ‘ಟೈಮೇ ಆಗ್ತಿಲ್ಲ ಟೀಚರ್’ ಎಂದೆ.

ಈಗಲೂ ಪುಟ್ಟಮ್ಮ ದಿನಾ ಬೆಳಿಗ್ಗೆ ಗೇಟು ತಳ್ಳಿಕೊಂಡು ಬಂದು ಸಿಪ್ಪೆ ಸುರಿದು ಹೋಗುತ್ತಾಳೆ. ಗೇಟು ಮೂರು ಮನೆಗೆ ಕೇಳುವ ಹಾಗೆ ಅರಚುತ್ತದೆ; ನಾನು ಹಾಸಿಗೆಯಿಂದಲೇ ‘ಬಂದೆ ಕಣಮ್ಮ’ ಎನ್ನುತ್ತೇನೆ. ಮೊನ್ನೆ ಅವಳಿಗೂ ಸಾಕಾಗಿಹೋಯಿತು. ‘ಎಣ್ಣೆ ಬುಡಬಾರ್ದಾ ಅಣ್ಣ ಈ ಗೇಟ್ಗೆ?’ ಎಂದಳು. ‘ಎಣ್ಣೆ ಮುಗಿದೋಗಿದೆ’ ಎಂದೆ. ಡಬ್ಬಿ ನನ್ನ ಬೆನ್ನ ಹಿಂದಿನ ಕಿಟಕಿಯಲ್ಲೇ ಇತ್ತು. ಅವಳು ಅದನ್ನು ನೋಡಿದಳು, ನನ್ನನ್ನೂ ನೋಡಿದಳು. ‘ಅಂಗಾರೆ ರಸ್ತೇಲಿ ಕೂಗ್ಲಾ, ನಂಜಪ್ಪನವ್ರಿಗೆ ಒಂಚೂರು ಎಣ್ಣೆ ಕೊಡ್ರವ್ವಾ ಅಂತ?’

‘ಬೇಡ ಕಣಮ್ಮ,’ ಎಂದೆ. ‘ನಾನು ಯಾರ ಮುಂದೆಯೂ ಕೈ ಚಾಚಿದವನಲ್ಲ.’